ಹಳೇ ಸ್ಪ್ರೇ ಎಂಜಿನ್ ಕೊಳ್ಳುವವರೇ, ಮೊದಲು ಟ್ಯಾಂಕ್ ಒಳಗೆ ನೋಡಿ

ಮಾವು ಹೂ ಬಿಡುವ ಹೊತ್ತಿಗೆ ನಮ್ಮ ಶ್ರೀನಿವಾಸಪುರದ ಕಡೆ ಸೆಕೆಂಡ್ ಹ್ಯಾಂಡ್ ಸ್ಪ್ರೇ ಎಂಜಿನ್‌ಗಳ ವ್ಯಾಪಾರ ಜೋರಾಗುತ್ತದೆ. ನೀವೂ ಒಂದನ್ನು ನೋಡುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಮಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಾವು ತಗೊಂಡಿದ್ದು ಪೆಟ್ರೋಲ್ ಎಂಜಿನ್, ಜೊತೆಗೆ ಔಷಧಿಯನ್ನು ಪ್ರೆಶರಿನಲ್ಲಿ ಚಿಮ್ಮಿಸುವ, ಬೆಲ್ಟಿನಲ್ಲಿ ಓಡುವ ಎಚ್‌ಟಿಪಿ ಪಂಪು. ನೋಡಲು ಹೋದಾಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ನಾವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರು ಅಂತ ಆಮೇಲೆ ಅಲ್ಲಿನವರೇ ಹೇಳಿದರು. ಮಳೆಗಾಲ ಪೂರ್ತಿ ಅದು ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟುಕೊಂಡೇ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತಂತೆ.

ತೋಟಕ್ಕೆ ತಂದ ಮೇಲೆ ಕಾಟ ಶುರುವಾಯಿತು. ಚೋಕ್ ಅರ್ಧ ಹಾಕಿದ್ದರೆ ಓಡುತ್ತದೆ. ಪೂರ್ತಿ ತೆಗೆದರೆ ಕೆಮ್ಮಿ ನಿಲ್ಲುತ್ತದೆ. ಪಂಪಿನ ಪ್ರೆಶರ್ ಏರಿಸಿದರಂತೂ ಅಲ್ಲಿಗೇ ಆಫ್. ಡ್ರಮ್ಮಿನಲ್ಲಿ ಔಷಧಿ ಕಲಸಿಯಾಗಿತ್ತು, ಕೂಲಿಯವರು ಬಂದು ನಿಂತಿದ್ದರು, ಹೂಗೊಂಚಲಿನಲ್ಲಿ ಜಿಗಿಹುಳು ಕೈ ಆಡಿಸಿದರೆ ಹಾರುವಷ್ಟು ಇತ್ತು.

ಟೌನಿನ ಒಂದು ಗ್ಯಾರೇಜಿಗೆ ಹೊತ್ತುಕೊಂಡು ಹೋದೆವು. ಮೊದಲು ಪ್ಲಗ್ ಬದಲಾಯಿಸಿದರು. ಆಗಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಹೋಗಿದೆ ಅಂತ ಹೊಸದು ಹಾಕಿದರು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು, ಮತ್ತೆ ಅದೇ ಕಥೆ. ಆಮೇಲೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು ಅಂದರು. ಇಷ್ಟೆಲ್ಲಾ ಆದರೂ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಒಮ್ಮೆಯೂ ಇಣುಕಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಕೊನೆಗೆ ಎಂಜಿನ್ನಿನ ಕಾಯಿಲೆ ಪತ್ತೆ ಹಚ್ಚಿದವರು ನಮ್ಮೂರಿನಲ್ಲಿ ಹಿಂದೆ ಮೊಪೆಡ್ ರಿಪೇರಿ ಮಾಡುತ್ತಿದ್ದ ಹಿರಿಯರು. ಕಾರ್ಬುರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಇಳಿದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದರು. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟು ಬಿಸಿಲಿಗೆ ಎತ್ತಿ ತೋರಿಸಿದರು. ಮೇಲೆ ಪೆಟ್ರೋಲ್, ಕೆಳಗೆ ಬೇರೆಯೇ ಒಂದು ಪದರ, ಅದರ ತಳದಲ್ಲಿ ಕಾಫಿ ಪುಡಿಯಂಥ ತುಕ್ಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ. 2023ರಿಂದ ಶೇ. 20ರಷ್ಟು ಬೆರೆಸಿದ ಇ20 ಬಂತು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥೆನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿದು ನಿಲ್ಲುತ್ತವೆ. ಕಬ್ಬಿಣದ ಟ್ಯಾಂಕ್ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್‌ನ ತೂತು ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದರಲ್ಲಿ ಕಸ ಕೂತರೆ ಪೆಟ್ರೋಲ್ ಸಾಕಾಗುವುದಿಲ್ಲ. ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗುತ್ತದೆ, ಅದಕ್ಕೇ ಹೇಗೋ ಓಡುತ್ತಿತ್ತು. ಹೊಸ ಕಾರ್ಬುರೇಟರಿಗೂ ಅದೇ ಟ್ಯಾಂಕಿನ ಕಸ ಇಳಿಯಿತು, ಅಷ್ಟೇ.

ಟ್ಯಾಂಕ್ ಬಿಚ್ಚಿ ತೊಳೆದು ಒಣಗಿಸಿ, ಪೈಪು, ಫಿಲ್ಟರ್ ಬದಲಾಯಿಸಿ, ಜೆಟ್‌ಗೆ ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿದರು. ಎಂಜಿನ್ ಚೋಕ್ ಇಲ್ಲದೆ ನೆಟ್ಟಗೆ ಓಡಿತು. ಅಷ್ಟರಲ್ಲಿ ಬೂದಿ ರೋಗವೂ ಸೇರಿ ಎಷ್ಟೋ ಗೊಂಚಲು ಕಪ್ಪಾಗಿದ್ದವು. ಆ ಫಸಲು ವಾಪಸ್ ಬರುತ್ತದಾ?

ಕೊಳ್ಳಲು ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಪೂರ್ತಿ ಆರುವ ತನಕ ಕಾದು, ನೀವೇ ಸ್ಟಾರ್ಟ್ ಮಾಡಿ. ಟಾರ್ಚ್ ಬೆಳಕು ಬಿಟ್ಟು ಟ್ಯಾಂಕಿನ ತಳ ನೋಡಿ. ಚೋಕ್ ತೆಗೆದು, ಪಂಪಿಗೆ ಲೋಡ್ ಕೊಟ್ಟು ಓಡಿಸಿ. ಸುಮ್ನೆ ಖಾಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ. ಓಡುತ್ತಾ ಓಡುತ್ತಾ ನಿಂತುಹೋದರೆ ಮುಚ್ಚಳ ಸಡಿಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಆಗ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ, ಅದಕ್ಕೆ ಹೆಚ್ಚು ಖರ್ಚಿಲ್ಲ. ಬಟ್ಟಲು ಬಿಚ್ಚುವಾಗ ಎಂಜಿನ್ ತಣ್ಣಗಿರಬೇಕು, ಹತ್ತಿರ ಬೀಡಿ ಬೆಂಕಿ ಇರಬಾರದು. ಜೆಟ್‌ಗೆ ತಂತಿ ಚುಚ್ಚಲು ಯಾರಿಗೂ ಬಿಡಬೇಡಿ. ಅದು ಹಿತ್ತಾಳೆ, ತೂತು ದೊಡ್ಡದಾದರೆ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ.

ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಬಟ್ಟಲಿನಲ್ಲಿ ಉಳಿದಿದ್ದು ಮುಗಿದು ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ ಇಡಿ. ಇನ್ನು ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು ಅಂದರೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಚೆಕ್ ಮಾಡಿದ್ದೀರಾ, ಬಟ್ಟಲಿನ ಪೆಟ್ರೋಲ್ ಇಳಿಸಿ ನೋಡಿದ್ದೀರಾ ಅಂತ ಕೇಳಿ. ಎರಡನ್ನೂ ನಿಮ್ಮ ಕಣ್ಣೆದುರೇ ಮಾಡಿಸಿ.