ಹಿಂದಿನ ವೈಪರ್ ನಿಂತರೆ ಮೋಟರ್ ಬದಲಾಯಿಸೋಕೆ ಒಪ್ಪಬೇಡಿ, ಮೊದಲು ಇದನ್ನು ಓದಿ

ಕಾರಿನ ಹಿಂದಿನ ಗಾಜಿನ ವೈಪರ್ ಕೆಲಸ ಮಾಡ್ತಿಲ್ಲ ಅಂತ ಗ್ಯಾರೇಜಿಗೆ ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ನನ್ನ ಹತ್ತಿರ ಹೊಸ ಮೋಟರಿನ ದುಡ್ಡು ಕಿತ್ತುಕೊಂಡರು. ಹಳೆ ಮೋಟರಿಗೆ ಏನೂ ಆಗಿರಲಿಲ್ಲ. ಏನೂ ಅಂದರೆ ಏನೂ ಆಗಿರಲಿಲ್ಲ! ತುಂಡಾಗಿದ್ದದ್ದು ಒಂದು ವೈರ್.

ವೈಪರ್ ಒಮ್ಮೆ ಓಡುತ್ತಿತ್ತು, ಒಮ್ಮೆ ಸುಮ್ಮನಾಗುತ್ತಿತ್ತು. ಕೊನೆಗೆ ಪೂರ್ತಿ ನಿಂತಿತು. ನಂಬರ್ ಪ್ಲೇಟ್ ಲೈಟೂ ಆಗಾಗ ಕೈಕೊಡುತ್ತಿತ್ತು. ಎರಡನ್ನೂ ಗ್ಯಾರೇಜಿನವರಿಗೆ ಬಿಡಿಸಿ ಹೇಳಿದೆ. "ಅದು ಬಲ್ಬ್ ಸಾರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು. ಫ್ಯೂಸ್ ನೋಡಿದಿರಾ ಅಂತ ಕೇಳಿದರೆ "ಸರಿ ಇದೆ ಸಾರ್". ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ, ಆಗಲೇ "ಮೋಟರ್ ಹೋಗಿದೆ, ನೀರು ಇಳಿದು ಜಾಮ್ ಆಗಿದೆ" ಅಂತ ತೀರ್ಪು! ವೈಪರ್ ಕಡ್ಡಿ ಆಡಿಸುವ ಶಾಫ್ಟಿನ ಸೀಲ್ ಸವೆದು ನೀರು ಇಳಿದರೆ ಮೋಟರ್ ಕೆಡುವುದು ಉಂಟು, ಇಲ್ಲ ಅನ್ನಲ್ಲ. ಆದರೆ ಬಿಚ್ಚಿ ನೋಡದೆ ಇವರಿಗೆ ಹೇಗೆ ಗೊತ್ತಾಯಿತು?

ಹೊಸದು ಹಾಕಿದರು. ಡಿಕ್ಕಿ ಬಾಗಿಲು ಮೇಲೆತ್ತಿಕೊಂಡೇ ಸ್ವಿಚ್ ಹಾಕಿ ತೋರಿಸಿದರು. ಚೆನ್ನಾಗಿ ಓಡಿತು, ದುಡ್ಡು ಕೊಟ್ಟೆ. ಹಳೆ ಮೋಟರ್ ಕೊಡಿ ಅಂದಿದ್ದಕ್ಕೆ "ಗುಜರಿ ಸಾರ್ ಅದು, ಏನ್ಮಾಡ್ತೀರಾ" ಅಂತ ನಕ್ಕರು. ಪುಣ್ಯಕ್ಕೆ ಇಸ್ಕೊಂಡು ಬಂದೆ.

ಮುಂದಿನ ಮಳೆಗೇ ಹೊಸದೂ ನಿಂತಿತು. ಹೋಗಿ ಕೇಳಿದರೆ ಬೇರೆಯೇ ರಾಗ. "ಹಾಗಾದ್ರೆ ಸ್ಟೀರಿಂಗ್ ಹತ್ತಿರದ ಸ್ವಿಚ್ ಹೋಗಿರಬೇಕು, ಅದನ್ನೂ ಬದಲಾಯಿಸಿಬಿಡೋಣ." ಬದಲಾಯಿಸಿಬಿಡೋಣ ಅಂತೆ! ಯಾರ ದುಡ್ಡಲ್ಲಿ?

ಬೇರೆ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಯಾವ ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳಲಿಲ್ಲ. ವೈಪರ್ ಸ್ವಿಚ್ ಹಾಕಿಸಿ ಡಿಕ್ಕಿ ತೆಗೆದರು. ಬಾಡಿಯಿಂದ ಬಾಗಿಲಿಗೆ ವೈರ್ ಹೋಗುವ ಕಪ್ಪು ರಬ್ಬರ್ ಕೊಳವೆ ಕೀಲಿನ ಪಕ್ಕ ಇರುತ್ತದಲ್ವಾ, ಅದನ್ನು ಎರಡು ಬೆರಳಲ್ಲಿ ಹಿಸುಕಿದರು. ವೈಪರ್ ಓಡಿತು. ಬಿಟ್ಟರು, ನಿಂತಿತು. ಮತ್ತೆ ಹಿಸುಕಿದರು, ಮತ್ತೆ ಓಡಿತು. ರಬ್ಬರ್ ಸರಿಸಿದರೆ ಅರ್ಥ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ತುಂಡಾಗಿ, ತಾಮ್ರ ಹಸಿರುಗಟ್ಟಿ ಕೂತಿದೆ. ಡಿಕ್ಕಿ ತೆಗೆದು ಹಾಕಿದಾಗಲೆಲ್ಲ ವೈರ್ ಬಾಗುವುದು ಅಲ್ಲೇ, ವರ್ಷಗಟ್ಟಲೆ ಬಾಗಿ ಬಾಗಿ ಮುರಿಯುತ್ತದೆ. ನಂಬರ್ ಪ್ಲೇಟ್ ಲೈಟಿಗೂ ಅದೇ ಅರ್ಥ್. ಸಂಬಂಧ ಇಲ್ಲ ಅಂದಿದ್ದರಲ್ಲ, ಇದೇ ಸಂಬಂಧ!

ಆಮೇಲೆ ಹಳೆ ಮೋಟರಿಗೆ ನೇರವಾಗಿ 12 ವೋಲ್ಟ್ ಬ್ಯಾಟರಿ ಕೊಟ್ಟರು. ಶಾಫ್ಟ್ ಆ ಕಡೆ ಈ ಕಡೆ ಸಲೀಸಾಗಿ ಆಡತೊಡಗಿತು. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನಾಚಿಕೆಯೂ ಆಯಿತು, ಮೈಯೂ ಉರಿಯಿತು.

ವಿಡಿಯೋ ಮಾಡಿ ಗ್ಯಾರೇಜಿಗೆ ಕಳಿಸಿದೆ. "ಖಾಲಿ ತಿರುಗುತ್ತೆ ಸಾರ್, ಲೋಡ್ ಬಿದ್ರೆ ನಿಲ್ಲುತ್ತೆ" ಅಂದರು. ಸರಿ, ವೈರ್ ಜೋಡಿಸಿ, ಹಳೆಯದನ್ನೇ ಗಾಡಿಗೆ ಹಾಕಿಸಿ, ಗಾಜು ಒರೆಸುವ ವಿಡಿಯೋ ಕಳಿಸಿದೆ. ಆಗ "ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳ್ಳಲ್ಲ". ಅದೂ ಸಾಲದೆ "ನೀವು ಒಪ್ಪಿದ ಮೇಲೇ ಅಲ್ವಾ ಹಾಕಿದ್ದು?" ಈಗ ಫೋನೇ ಎತ್ತುತ್ತಿಲ್ಲ.

ನಿಮಗೂ ಯಾರಾದರೂ ಮೋಟರ್ ಅಂದರೆ, ಅದರ ಪ್ಲಗ್ ಕಳಚಿ, ವೈಪರ್ ಸ್ವಿಚ್ ಹಾಕಿ, ಟೆಸ್ಟ್ ಲ್ಯಾಂಪ್ (ಕರೆಂಟ್ ಬರ್ತಿದೆಯಾ ಅಂತ ನೋಡುವ ಪುಟ್ಟ ದೀಪ) ಹಿಡಿದು ತೋರಿಸಿ ಅನ್ನಿ. ದೀಪ ಉರಿಯದಿದ್ದರೆ ಮೋಟರಿಗೆ ಕರೆಂಟೇ ಸಿಗುತ್ತಿಲ್ಲ ಅಂತ ಅರ್ಥ, ಮೊದಲು ವೈರ್ ನೋಡಲಿ. ಲ್ಯಾಂಪಿನ ಎರಡೂ ತುದಿ ಪ್ಲಗ್ಗಿನಲ್ಲೇ ಇರಲಿ. ಒಂದನ್ನು ಗಾಡಿಯ ಬಾಡಿಯ ಲೋಹಕ್ಕೆ ತಾಗಿಸಿದರೆ ಅರ್ಥ್ ವೈರ್ ಹೋಗಿದ್ದರೂ ದೀಪ ಉರಿಯುತ್ತದೆ, ನೀವು ಮತ್ತೆ ಟೋಪಿ ಹಾಕಿಸಿಕೊಳ್ಳುತ್ತೀರಿ. ಡಿಕ್ಕಿಯನ್ನು ಮೇಲೆ ಕೆಳಗೆ ಆಡಿಸಿಯೂ ನೋಡಲಿ. ಮೋಟರ್ ಸದ್ದು ಬರುತ್ತಿದ್ದು ಕಡ್ಡಿ ಮಾತ್ರ ಅಲುಗದಿದ್ದರೆ ಅದರ ಬುಡದ ನಟ್ ಸಡಿಲವಾಗಿರಬಹುದು, ಬಿಗಿ ಮಾಡಿದರೆ ಸಾಕು. ಟೆಸ್ಟ್ ಲ್ಯಾಂಪ್ ಹಿಡಿಯೋಕೆ ಗೊಣಗುವವರ ಹತ್ತಿರ ಗಾಡಿ ಬಿಡಲೇಬೇಡಿ.