ಬಲಗಡೆಯ ಶಿಫ್ಟ್ ಕೀ: ಹಳೇ ಮಾದರಿಯ ಮೂರು ಕೀಬೋರ್ಡುಗಳು, ಒಂದೇ ಕನ್ನಡ ಟೈಪಿಂಗ್

ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಮೇಜಿನ ಮೇಲಿರುವುದು ಟಿವಿಎಸ್ ಗೋಲ್ಡ್. ಬ್ಯಾಂಕು, ರೈಲ್ವೆ ಕೌಂಟರು, ಜೆರಾಕ್ಸ್ ಅಂಗಡಿಗಳಲ್ಲಿ ಟಕಟಕ ಸದ್ದು ಮಾಡುತ್ತಾ ಕೂತಿರುತ್ತದಲ್ಲ, ಅದೇ. ಇದಕ್ಕೆ ಬಂದು ಸೇರುವ ಮುಂಚೆ ಚಂದ ನೋಡಿ ಬೇರೊಂದನ್ನು ಕೊಂಡು 4,200 ರೂಪಾಯಿ ಕಳೆದುಕೊಂಡೆ. ನಡುವೆ ಅಣ್ಣನ ಮಗ ಅಮೆರಿಕದಿಂದ ತಂದಿದ್ದ ಇನ್ನೊಂದನ್ನು ಮೂರು ವಾರ ಇಟ್ಟುಕೊಂಡು ಕೆಲಸ ಮಾಡಿದೆ. ಮೂರನ್ನೂ ಮೈಬಗ್ಗಿಸಿ ದುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಡಿಟಿಪಿ. ಜನ ಕೈಯಲ್ಲಿ ಬರೆದು ತಂದದ್ದನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಕುಟ್ಟಿಕೊಡುತ್ತೇನೆ. ಪಿಎಚ್‌ಡಿ ಪ್ರಬಂಧ, ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಏನು ಬಂದರೂ ಸರಿ. ದಿನಕ್ಕೆ ಆರೇಳು ಗಂಟೆ ಬೆರಳು ಕೀಗಳ ಮೇಲೇ ಇರುತ್ತದೆ. ಹಾಗಾಗಿ ಬಣ್ಣದ ಲೈಟು, ಆಟದ ವೇಗ ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಮೊದಲು ಕೊಂಡದ್ದು ಟೈಪ್‌ರೈಟರ್ ಥರದ್ದು. ಗುಂಡು ಗುಂಡಾದ ಕೀಗಳು, ಸುತ್ತ ಬೆಳ್ಳಿಬಣ್ಣದ ಅಂಚು, ತಿಳಿಹಸಿರು ಮೈ. ಇದೇ ಅಚ್ಚಿನವು ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಪಿಯುಸಿ ಮುಗಿದ ರಜೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಜೂನಿಯರ್, ಸೀನಿಯರ್ ಎರಡೂ ಪಾಸಾದವಳು ನಾನು. ಆ ಗುಂಡು ಕೀಗಳ ಫೋಟೊ ಕಂಡ ತಕ್ಷಣ ಮನಸ್ಸು ಸೋತೆ. ಮನೆಗೆ ಬಂದಾಗಲೂ ಚಂದವೇ ಇತ್ತು. ಸದ್ದೂ ಮೃದು, ಕೀಗಳಡಿ ಇದ್ದದ್ದು ಕಂದು ಬಣ್ಣದ ಸ್ವಿಚ್ಚು.

ತೊಂದರೆ ಶುರುವಾದದ್ದು ಮೊದಲ ಪುಟದಲ್ಲೇ. ಒಂದು ಡೇರಿಯ ವರದಿ, ಬಾಗಿಲಲ್ಲಿ ಜನ ಕಾಯುತ್ತಿದ್ದರು. ತಲೆಬರಹ: "ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಮಹಾಸಭೆ." ಪ್ರತಿಯ ಮೇಲೆ ಕಣ್ಣಿಟ್ಟು ಹೊಡೆದು ಮುಗಿಸಿ ತಲೆಯೆತ್ತಿದರೆ ಪರದೆಯ ಮೇಲೆ ತಲೆಬರಹ ಅರ್ಧ ಇದೆ, ಉಳಿದರ್ಧ ಮೇಲಿನ ಸಾಲಿನಲ್ಲಿದ್ದ ಸಂಘದ ವಿಳಾಸದೊಳಗೆ ನುಗ್ಗಿದೆ. ಅಲ್ಲೊಂದು ಅಕಾರ, ಇಲ್ಲೊಂದು ಅಕಾರ. ನುಡಿ ಕೆಟ್ಟಿತೇನೋ ಎಂದು ಮುಚ್ಚಿ ತೆರೆದೆ. ಮತ್ತೆ ಅದೇ.

ಕಾರಣ ಗೊತ್ತಾಗಲು ಅರ್ಧ ದಿನ ಹಿಡಿಯಿತು. ಬೋರ್ಡಿನ ಅಗಲ ಉಳಿಸಲು ಬಲಗಡೆಯ ಶಿಫ್ಟ್ ಕೀಯನ್ನು ಗಿಡ್ಡ ಮಾಡಿ, ಅದರ ಮಗ್ಗುಲಿಗೇ ಮೇಲ್ಮುಖದ ಬಾಣದ ಕೀ ಕೂರಿಸಿದ್ದರು. ಮಗಳ ಸ್ಕೇಲು ತಂದು ಅಳೆದೆ. ಮಾಮೂಲಿ ಕೀಬೋರ್ಡಿನಲ್ಲಿ ಬಲ ಶಿಫ್ಟ್ ಸುಮಾರು 52 ಮಿಲಿಮೀಟರ್ ಉದ್ದ, ಇದರಲ್ಲಿ 33. ಉಳಿದ 19 ಮಿಲಿಮೀಟರ್ ಬಾಣದ ಪಾಲು. ನನ್ನ ಕಿರುಬೆರಳು ಇಪ್ಪತ್ತು ವರ್ಷದ ಅಭ್ಯಾಸದಂತೆ ಹೋಗಿ ಇಳಿಯುವುದು ಸರಿಯಾಗಿ ಅವೆರಡರ ಗಡಿಯಲ್ಲಿ. ಬಾಣ ಒತ್ತಿದರೆ ಕರ್ಸರ್ ಒಂದು ಸಾಲು ಮೇಲೆ ಹತ್ತುತ್ತದೆ. ಶಿಫ್ಟ್ ಬೀಳದ ಕಾರಣ ದೀರ್ಘ ಬರಬೇಕಾದ ಕಡೆ ಬರಿಯ ಅ ಮೂಡುತ್ತದೆ, ಅದೂ ಮೇಲಿನ ಸಾಲಿನ ಯಾವುದೋ ಪದದ ಹೊಟ್ಟೆಯಲ್ಲಿ.

ಇಂಗ್ಲಿಷ್ ಟೈಪ್ ಮಾಡುವವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ವಾಕ್ಯಕ್ಕೊಂದು ದೊಡ್ಡಕ್ಷರ ಬಂದರೆ ಅವರ ಶಿಫ್ಟ್ ಕೆಲಸ ಮುಗಿಯಿತು. ನಮ್ಮದು ಹಾಗಲ್ಲ. ನುಡಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕೀ ವಿನ್ಯಾಸದಲ್ಲಿ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಅನುಸ್ವಾರಕ್ಕೆ ಶಿಫ್ಟ್, ಣಕಾರ ಳಕಾರಕ್ಕೂ ಶಿಫ್ಟ್. ಎಡಗೈಯ ಅಕ್ಷರಕ್ಕೆ ಬಲಗಡೆಯ ಶಿಫ್ಟ್ ಒತ್ತಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದು ಬೆರಳಲ್ಲಿ ಕೂತುಬಿಟ್ಟಿದೆ. ಮೇಲಿನ ಆ ತಲೆಬರಹವನ್ನೇ ಎಣಿಸಿ ನೋಡಿ. ಹಾ, ತ್ಪಾ, ಕಾ, ವಾ, ಇನ್ನೊಂದು ಹಾ, ಇವುಗಳ ದೀರ್ಘಕ್ಕೆ ಎಡಗೈಯ ಎ (A) ಕೀ ಐದು ಸಲ. ಘ, ಭ ಎರಡೂ ಎಡಗೈಯವೇ. ಒಂದು ಸಾಲಿಗೆ ಏಳು ಸಲ ಬಲ ಶಿಫ್ಟ್, ಎಡ ಶಿಫ್ಟ್ ಬೇಕಾಗಿದ್ದು ಸಂಘದ ಸೊನ್ನೆಗೆ ಮಾತ್ರ. ಇನ್ನು ನೂರು ಪುಟದ ಪ್ರಬಂಧಕ್ಕೆ ಎಷ್ಟಾಯಿತು?

ಅಣ್ಣನ ಮಗ ವಿಡಿಯೊ ಕಾಲ್‌ನಲ್ಲಿ, "ಅತ್ತೆ, ಪವರ್‌ಟಾಯ್ಸ್ ಅನ್ನೋ ತಂತ್ರಾಂಶ ಹಾಕ್ಕೊಳ್ಳಿ, ಆ ಬಾಣದ ಕೀನೂ ಶಿಫ್ಟ್ ಮಾಡಿಬಿಡಬಹುದು," ಎಂದ. ಹಾಗೇ ಮಾಡಿದೆವು, ಕೆಲಸವೂ ಮಾಡಿತು. ಆದರೆ ಕರಡು ತಿದ್ದುವಾಗ ಮೇಲಿನ ಸಾಲಿಗೆ ಹೋಗಲು ಬಾಣವೇ ಇಲ್ಲದಂತಾಯಿತು, ಪ್ರತಿಸಲ ಮೌಸ್ ಹಿಡಿಯಬೇಕು. ಎರಡು ದಿನಕ್ಕೆ ಅದನ್ನು ತೆಗೆದೆ. ಕಿರುಬೆರಳನ್ನು ಒಳಗೆ ಮಡಚಿ ಒತ್ತುವುದನ್ನು ಅಭ್ಯಾಸ ಮಾಡಲು ನೋಡಿದೆ. ಹದಿನೈದು ದಿನಕ್ಕೆ ಮುಂಗೈ ಪಕ್ಕ ಸೆಳೆತ ಶುರುವಾಯಿತು. ವಾಪಸ್ ಕೇಳಿದರೆ, ವಸ್ತು ಕೆಟ್ಟಿದ್ದರೆ ಬದಲಿಸಿ ಕೊಡುತ್ತೇವೆ, ಹಣ ಕೊಡುವುದಿಲ್ಲ ಎಂದರು. ವಸ್ತು ಕೆಟ್ಟಿರಲಿಲ್ಲ. ನನಗೆ ಒಗ್ಗದ್ದು ಅಷ್ಟೇ, ಆದರೆ ಆ ನಷ್ಟ ನನ್ನ ಹದಿನೈದು ದಿನದ ದುಡಿಮೆಗೆ ಬಿತ್ತು.

ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀ ವಿನ್ಯಾಸ ಬಳಸುವವರು ಇದನ್ನು ಕೊಂಡರೆ ಇಷ್ಟು ಪೆಟ್ಟು ಬೀಳದು. ಅದರಲ್ಲಿ ಕಾ, ಮಾಗಳ ದೀರ್ಘ ಶಿಫ್ಟ್ ಇಲ್ಲದೆಯೇ ಇ (E) ಕೀಯಲ್ಲಿ ಬರುತ್ತದೆ.

ಇನ್ನೊಂದು ಮಾತು, ಎಫ್ ಕೀ. ನಮ್ಮ ವಿನ್ಯಾಸದಲ್ಲಿ ಒತ್ತು ಕೊಡುವುದೇ ಅದು. "ಕನ್ನಡ" ಎಂದು ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಅದಿಲ್ಲದೆ ಒಂದು ಸಾಲೂ ಮುಂದೆ ಹೋಗದು. ನೋಡದೆ ಬೆರಳಿಡಲು ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬುಗೆರೆ ಇರಬೇಕು. ಗುಂಡು ಕೀಯಲ್ಲಿ ಆ ಗೆರೆ ಕೈಗೆ ಸಿಗುವಷ್ಟು ಇರಲಿಲ್ಲ.

ಎರಡನೆಯದು 8ಬಿಟ್‌ಡು ಕಂಪನಿಯ ರೆಟ್ರೊ ಮೆಕ್ಯಾನಿಕಲ್ ಕೀಬೋರ್ಡ್. 2023ರಲ್ಲಿ ಬಂದದ್ದು, ಹಳೆಯ ನಿಂಟೆಂಡೊ ಆಟದ ಪೆಟ್ಟಿಗೆಯ ಬಣ್ಣ, ಬೂದಿ ಮೈಮೇಲೆ ಕಪ್ಪು ಕೆಂಪು. ಬಂದಾಗ ಅಲ್ಲಿ 99.99 ಡಾಲರ್ ಇತ್ತು. ಅಣ್ಣನ ಮಗ ರಜೆಗೆ ಬಂದಾಗ ತಂದಿದ್ದ. "ನಿಮ್ಮ ಕೈಗೆ ಒಗ್ಗುತ್ತಾ ನೋಡಿ ಅತ್ತೆ," ಎಂದು ಬಿಟ್ಟುಹೋದ.

ಇದು ನಿಜಕ್ಕೂ ಒಳ್ಳೆಯ ವಸ್ತು. ಬಲ ಶಿಫ್ಟ್ ಪೂರ್ತಿ ಉದ್ದ, ಮೊದಲು ನೋಡಿದ್ದೇ ಅದನ್ನು. ಬಾಣಗಳು ಬೇರೆಯೇ ಇವೆ. ಜೊತೆಗೆ ಎರಡು ದೊಡ್ಡ ಕೆಂಪು ಗುಂಡಿ ಕೊಡುತ್ತಾರೆ, ವೈರಿನಲ್ಲಿ ಸಿಕ್ಕಿಸಿದರೆ ಏನು ಕೆಲಸ ಬೇಕಾದರೂ ವಹಿಸಬಹುದು. ಒಂದಕ್ಕೆ ಸೇವ್ ಮಾಡುವುದನ್ನು ವಹಿಸಿದ್ದೆವು. ಪುಟ ಮುಗಿದ ಕೂಡಲೇ ಅಂಗೈಯಿಂದ ಅದನ್ನು ಒತ್ತುವುದು ಮೂರೇ ದಿನಕ್ಕೆ ರೂಢಿಯಾಗಿ, ಈಗಲೂ ಕೈ ಆ ಕಡೆ ಹೋಗುತ್ತದೆ. ಕರೆಂಟು ಹೋಗುವ ಊರಿನಲ್ಲಿ ಇಂಥದ್ದು ಎಲ್ಲರಿಗೂ ಬೇಕು.

ನನಗೆ ಆಗದ್ದು ಎರಡು. ಇದು 87 ಕೀಗಳದ್ದು, ಬಲಗಡೆ ಅಂಕಿಗಳ ಗುಂಪಿಲ್ಲ. ಸೊಸೈಟಿ ವರದಿ ಎಂದರೆ ಅರ್ಧ ಜಮಾ ಖರ್ಚಿನ ಕೋಷ್ಟಕ. ಮೇಲಿನ ಸಾಲಿನ ಅಂಕಿಗಳಲ್ಲಿ ಅದನ್ನು ತುಂಬಿಸಿ ಮುಗಿಯುವುದಿಲ್ಲ. ಇನ್ನೊಂದು ಸದ್ದು. ಇದರಲ್ಲಿರುವ ಕೈಲ್ ಬಾಕ್ಸ್ ವೈಟ್ ಸ್ವಿಚ್ಚು ಒತ್ತುವಾಗ ಒಮ್ಮೆ, ಬಿಡುವಾಗ ಒಮ್ಮೆ ಕ್ಲಿಕ್ ಅನ್ನುತ್ತದೆ. ಆಟಕ್ಕೆ ಮಜವಿರಬಹುದು, ನನ್ನ ಕಿವಿಗೆ ಯಾರೋ ನನ್ನ ಹಿಂದೆಯೇ ಟೈಪ್ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಸ್ವಿಚ್ಚುಗಳನ್ನು ಕಿತ್ತು ಬೇರೆ ಹಾಕಬಹುದು ಎಂಬುದು ನಿಜ, ಆ ಖರ್ಚು ಬೇರೆ.

ಕೊನೆಗೆ ಟಿವಿಎಸ್ ಗೋಲ್ಡ್. ಇದು ನಮ್ಮೂರಲ್ಲೇ ಇತ್ತು. ಬಾಗಿಲು ಹಾಕುತ್ತಿದ್ದ ಡಿಟಿಪಿ ಸೆಂಟರೊಂದರಲ್ಲಿ 1,500 ರೂಪಾಯಿಗೆ ಸಿಕ್ಕಿತು. 2010ರಲ್ಲಿ ಬಂದ ರೂಪಾಯಿ ಚಿಹ್ನೆ ಅಚ್ಚಾದ ಕಪ್ಪು ಬೋರ್ಡು. ಮನೆಗೆ ತಂದು ಕೀಗಳ ಟೊಪ್ಪಿಗಳನ್ನು ಒಂದೊಂದೇ ಕಿತ್ತು ಸೀಗೆಪುಡಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಅಡಿಯಲ್ಲಿ ಸಿಕ್ಕಿದ್ದು ಅಂಗೈತುಂಬ ಧೂಳು, ಎರಡು ಸ್ಟೇಪಲ್ ಪಿನ್ನು, ಒಂದು ಅಡಿಕೆ ಚೂರು. ಧೂಳಿನಡಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚುಗಳು ಒಂದೂ ಕೆಟ್ಟಿರಲಿಲ್ಲ. ಎ ಮತ್ತು ಎಫ್ ಕೀಗಳ ಮೈ ಮಾತ್ರ ಸವೆದು ಮಿಂಚುತ್ತಿತ್ತು. ನನಗಿಂತ ಮುಂಚೆ ಅದರ ಮುಂದೆ ಕೂತವರು ಹೊಡೆದದ್ದೂ ಕನ್ನಡವನ್ನೇ ಎಂದು ಗೊತ್ತಾದದ್ದು ಆಗಲೇ.

ನೀಲಿ ಸ್ವಿಚ್ಚಿನ ಬಗ್ಗೆ ಒಂದು ದೂರು ಎಲ್ಲರ ಬಾಯಲ್ಲೂ ಇರುತ್ತದೆ. ಒತ್ತಿದ ಕೀ ಸಾಕಷ್ಟು ಮೇಲೆದ್ದು ಬಂದ ಮೇಲಷ್ಟೇ ಎರಡನೇ ಸಲ ಒತ್ತಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಒಂದೇ ಅಕ್ಷರವನ್ನು ಬೆನ್ನುಬೆನ್ನಿಗೆ ಹೊಡೆಯಲು ನಿಧಾನ ಎಂದು. ಇಂಗ್ಲಿಷಿನ ಜೋಡಿ ಅಕ್ಷರಗಳಿಗೆ ಅದು ಸರಿ. ಕನ್ನಡದಲ್ಲಿ ಅಮ್ಮ, ಅಕ್ಕ, ಅಪ್ಪ ಯಾವುದನ್ನೇ ಹೊಡೆಯಿರಿ, ಎರಡು ಮಕಾರದ ನಡುವೆ, ಎರಡು ಕಕಾರದ ನಡುವೆ ಎಡಗೈಯ ಎಫ್ ಬಂದೇ ಬರುತ್ತದೆ. ಅಷ್ಟರಲ್ಲಿ ಮೊದಲ ಕೀ ಎದ್ದು ನಿಂತಿರುತ್ತದೆ. ನಮ್ಮ ಒತ್ತಕ್ಷರಕ್ಕೂ ಈ ಸ್ವಿಚ್ಚಿಗೂ ಚೆನ್ನಾಗಿ ಹೊಂದುತ್ತದೆ, ಇದನ್ನು ನಾನು ಬೆರಳಲ್ಲೇ ಕಂಡುಕೊಂಡೆ. ಸದ್ದು ಬರುವುದು ಅಕ್ಷರ ಬಿದ್ದ ಗಳಿಗೆಯಲ್ಲಿ, ಒಂದೇ ಸಲ. ಕಣ್ಣು ಪ್ರತಿಯ ಮೇಲಿದ್ದರೂ ಕಿವಿಗೆ ಲೆಕ್ಕ ಸಿಗುತ್ತದೆ. ದೀರ್ಘ ತಪ್ಪಿದರೆ ನೋಡುವ ಮುಂಚೆಯೇ ಗೊತ್ತಾಗುತ್ತದೆ.

ವೈರು ದಪ್ಪ, ಕಳಚಲು ಬಾರದು. ಬ್ಲೂಟೂತ್ ಇಲ್ಲ. ನನಗೆ ಎರಡೂ ಬೇಡ.

ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುವವರು, ಬಜೆಟ್ ಹತ್ತು ಸಾವಿರ ದಾಟಿದರೂ ಪರವಾಗಿಲ್ಲ ಅನ್ನುವವರು, ಅಂಕಿಗಳ ಕೆಲಸ ಇಲ್ಲದವರು 8ಬಿಟ್‌ಡು ತೆಗೆದುಕೊಳ್ಳಿ, ಸಂಕೋಚವೇ ಬೇಡ. ಮೇಜು ಬಿಟ್ಟು ಏಳದ, ನುಡಿಯಲ್ಲಿ ದಿನವಿಡೀ ಕುಟ್ಟುವ ನನ್ನಂಥವರಿಗೆ ಟಿವಿಎಸ್ ಗೋಲ್ಡ್ ಮುಂದೆ ಬೇರೆ ಕಾಣುವುದಿಲ್ಲ. ಹೊಸದನ್ನೇ ಕೊಂಡರೂ ನಾನು ಗುಂಡು ಕೀಗೆ ಸುರಿದ ದುಡ್ಡು ಆಗುವುದಿಲ್ಲ. ಯಾವುದನ್ನೇ ತರಿಸಿ, ಫೋಟೊದಲ್ಲಿ ಬಲಗಡೆ ಕೆಳಮೂಲೆಯನ್ನು ದೊಡ್ಡದು ಮಾಡಿ ನೋಡಿ. ಶಿಫ್ಟ್ ಮಗ್ಗುಲಲ್ಲಿ ಬಾಣ ಕಂಡರೆ ಆ ಪುಟ ಮುಚ್ಚಿಬಿಡಿ.

ಸದ್ದಿನ ವಿಷಯ ಮನೆಯಲ್ಲಿ ಇತ್ಯರ್ಥವಾಗಿದೆ. ಪಕ್ಕದ ಕೋಣೆಯಲ್ಲಿ ನಮ್ಮತ್ತೆ ಮಲಗುತ್ತಾರೆ. ಬೋರ್ಡಿನಡಿ ನಾಲ್ಕು ಮಡಿಕೆಯ ಟವೆಲ್ ಹಾಕಿದ ಮೇಲೆ ಮೇಜಿನ ಗುಂಯ್‌ಗುಡುವಿಕೆ ನಿಂತಿತು. ಟಕಟಕ ಹಾಗೇ ಉಳಿಯಿತು. ಮೊನ್ನೆ ಕೇಳಿದೆ, "ಅತ್ತೆ, ನಿಮಗೆ ನಿದ್ದೆಗೆ ತೊಂದರೆ ಆಗ್ತಿದೆಯಾ?" ಎಂದು. "ಒಂಬತ್ತರವರೆಗೆ ಹೊಡ್ಕೊಳ್ಳಮ್ಮ, ಆಮೇಲೆ ಬೇಡ," ಎಂದರು. ಒಂಬತ್ತಾದ ಮೇಲೆ ಈಗ ಕರಡು ತಿದ್ದುವುದು ಮಾತ್ರ, ಅದಕ್ಕೆ ಬಾಣದ ಕೀಗಳು ಸಾಕು.