ಮೈಸೂರಿನ ಒಂದು ಮಾತುಗಾರಿಕೆ ತರಗತಿ: ಗಾದೆಯ ಪಾಠ ಬಹಳ ಚೆನ್ನಾಗಿದೆ, ಗಾದೆಯ ಪಟ್ಟಿ ಬೇಡ

ಸರಸ್ವತಿಪುರಂ ಕಡೆ ಒಂದು ಮನೆಯ ಮಹಡಿಯಲ್ಲಿ ಶನಿವಾರ ಸಂಜೆ ನಡೆಯುವ ಮಾತುಗಾರಿಕೆ ತರಗತಿಗೆ ಸೇರಿದ್ದೆ. ಬ್ಯಾಚ್ ಈಗ ಮುಗಿದಿದೆ. ತಕರಾರೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಮೈಸೂರು, ಮಂಡ್ಯದಲ್ಲಿ ಇಂಥ ತರಗತಿ ಹುಡುಕುತ್ತಿರುವವರಿಗೆ ಏನು ನೋಡಿ ಸೇರಬೇಕು ಅನ್ನುವುದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಕಲಿಸುವವರು ಇಬ್ಬರು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಇನ್ನೊಬ್ಬರು ಕಂಪನಿಗಳಿಗೆ ಹೋಗಿ ಟ್ರೈನಿಂಗ್ ಕೊಡುವವರು. ಕಲಿಯಲು ಬಂದವರು ಎಲ್ಲ ತರದವರು: ವಿಮೆ ಏಜೆಂಟರು, ಸೈಟ್ ಮಾರುವವರು, ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದ ಡಿಗ್ರಿ ಕಾಲೇಜಿನ ಹುಡುಗಿ, ಸೊಸೈಟಿ ಸಭೆಯಲ್ಲಿ ಧೈರ್ಯವಾಗಿ ಎದ್ದು ಮಾತಾಡಬೇಕು ಅಂತ ಮಂಡ್ಯ ಕಡೆಯಿಂದ ರೈಲು ಹತ್ತಿ ಬರುತ್ತಿದ್ದ ಕಬ್ಬು ಬೆಳೆಗಾರರೊಬ್ಬರು. ಜಾಗ ಚಿಕ್ಕದು, ಫ್ಯಾನ್ ಸದ್ದು ಜಾಸ್ತಿ, ಕಾಫಿ ಚೆನ್ನಾಗಿತ್ತು. ಮೈಕ್ ಹಿಡಿಯುವುದು, ಉಸಿರು ತೆಗೆದುಕೊಳ್ಳುವುದು, ಕಣ್ಣು ಕೊಟ್ಟು ಮಾತಾಡುವುದು ಇವೆಲ್ಲ ಎಲ್ಲ ಕಡೆ ಹೇಳಿಕೊಡುವ ಹಾಗೇ ಇತ್ತು. ಅದಕ್ಕೋಸ್ಕರ ದುಡ್ಡು ಕೊಡುವ ಅಗತ್ಯ ಇಲ್ಲ. ಮೇಷ್ಟ್ರು ಗಾದೆ ಮತ್ತು ಅಲಂಕಾರ ಪಾಠ ಮಾಡಿದರಲ್ಲ, ಅದಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ.

ಅಲಂಕಾರ ಅಂದರೆ ನಮಗೆಲ್ಲ ಹೈಸ್ಕೂಲಿನ ನೆನಪು. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಅಂತ ಬರೆದು, ಕೊನೆಗೆ ಸಮನ್ವಯ ಬರೆದರೆ ಅಂಕ. ಮೇಷ್ಟ್ರು ಅದನ್ನು ಪರೀಕ್ಷೆಯಿಂದ ಬಿಡಿಸಿ ಬಾಯಿಗೆ ತಂದರು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅನ್ನುವುದು ದೃಷ್ಟಾಂತಕ್ಕೆ, ಅಂದರೆ ಒಂದು ಮಾತಿಗೆ ಅದರಂಥದೇ ಇನ್ನೊಂದು ಮಾತನ್ನು ಕನ್ನಡಿಯ ಹಾಗೆ ಎದುರಿಗಿಡುವ ಅಲಂಕಾರಕ್ಕೆ, ಉದಾಹರಣೆ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಅವರು ಕೇಳಿದ್ದು ಬೇರೆ. ಊಟದ ಮಾತು ಯಾಕೆ ಮೊದಲು ಬರುತ್ತದೆ? ಅದು ಯಾರೂ ಅಲ್ಲಗಳೆಯದ ಮಾತು, ಕೇಳುವವನು "ಹೌದು" ಅಂತ ತಲೆಯಾಡಿಸಿಬಿಡುತ್ತಾನೆ, ಆ ತಲೆಯಾಡಿಸುವಿಕೆ ನಿಲ್ಲುವ ಮುಂಚೆಯೇ ಎರಡನೇ ಮಾತು ಬಂದು ಕೂತಿರುತ್ತದೆ. ಹೇಳಬೇಕಾಗಿದ್ದು ಎರಡನೆಯದು. ಇಷ್ಟು ಸರಳವಾಗಿ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಅರ್ಥಾಂತರನ್ಯಾಸವೂ ಹಾಗೇ. ಒಂದು ನಿರ್ದಿಷ್ಟ ಸಂಗತಿಯನ್ನು ಎಲ್ಲರೂ ಒಪ್ಪುವ ಸಾಮಾನ್ಯ ಮಾತಿನಿಂದ ಸಮರ್ಥಿಸುವುದು, ಅಥವಾ ಅದರ ತಿರುಗುಮುರುಗು. ಹೆಸರು ಕೇಳಿದರೆ ಭಯ ಆಗುತ್ತದೆ. ಆದರೆ ಮನೆಯಲ್ಲಿ ಅಜ್ಜಿ "ಅವನು ಈಗಲೇ ಮಾತು ಕೇಳಲ್ಲ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂದಾಗ ಮಾಡುವುದು ಅದನ್ನೇ. ಜೊತೆಗೆ ಅದು ಪ್ರಶ್ನೆಯ ರೂಪದಲ್ಲಿದೆ. ಉತ್ತರ ನಾವೇ ಕೊಟ್ಟುಕೊಳ್ಳುತ್ತೇವೆ, ನಾವೇ ಕೊಟ್ಟ ಉತ್ತರವನ್ನು ನಾವು ಅಲ್ಲಗಳೆಯುವುದು ಕಷ್ಟ.

ನನಗೆ ಬಹಳ ಇಷ್ಟವಾದದ್ದು "ಕೈ ಕೆಸರಾದರೆ ಬಾಯಿ ಮೊಸರು" ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಅದನ್ನು ಬಿಡಿಸಿ ಬರೆದರು. ಕೈ ಎದುರಿಗೆ ಬಾಯಿ, ಕೆಸರಿನ ಎದುರಿಗೆ ಮೊಸರು. ಎರಡರ ಬಾಲದಲ್ಲೂ ಒಂದೇ ಸದ್ದು. ಪಕ್ಕದಲ್ಲೇ "ಕಷ್ಟಪಟ್ಟು ದುಡಿದರೆ ಒಳ್ಳೆಯ ಊಟ ಸಿಗುತ್ತದೆ" ಅಂತ ಬರೆದು ಎರಡನ್ನೂ ಗಟ್ಟಿಯಾಗಿ ಓದಿಸಿದರು. ಎರಡನೆಯದನ್ನು ಓದಿದ ಕೂಡಲೇ "ಎಲ್ಲಿ ಸಿಗುತ್ತೆ?" ಅಂತ ಕೇಳಬೇಕು ಅನ್ನಿಸುತ್ತದೆ. ಮೊದಲನೆಯದಕ್ಕೆ ಹಾಗನ್ನಿಸುವುದಿಲ್ಲ. ಆಗಲೇ ಮೇಷ್ಟ್ರು, "ಈ ಗಾದೆಯಲ್ಲಿ ಒಂದು ಬಿಟ್ಟುಹೋಗಿದೆ, ಯಾರ ಕೈ, ಯಾರ ಬಾಯಿ ಅಂತ ಹೇಳಿಲ್ಲ, ನೋಡಿ" ಅಂದರು. ಮಂಡ್ಯದವರು ಕೂತಲ್ಲಿಂದಲೇ, "ಕೈ ಕೆಸ್ರು ಮಾಡ್ಕಂಡೋರು ನಾವು, ಮೊಸ್ರು ಯಾರ್ ಬಾಯಿಗ್ ಹೋಯ್ತು ಸಾ?" ಅಂದರು. ಕಬ್ಬಿನ ಬಾಕಿ ಬಿಲ್ಲಿನ ವಿಷಯ ಅದು. ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಯಿತು. ನಾಲ್ಕು ಪುಟದ ಮನವಿಪತ್ರ ಹೇಳಬೇಕಾದ್ದನ್ನು ಒಂದೇ ಸಾಲು ಹೇಳಿತ್ತು. ಗಾದೆಯನ್ನು ಸುಳ್ಳು ಅನ್ನಲಿಲ್ಲ ಅವರು, ಅದನ್ನೇ ಒಪ್ಪಿಕೊಂಡು ಅದರೊಳಗಿದ್ದ ಖಾಲಿ ಜಾಗಕ್ಕೆ ಕೈ ಹಾಕಿದರು. ಸಭೆಯಲ್ಲಿ ಇದಕ್ಕೆ ಎದುರು ಮಾತು ಹುಡುಕುವುದು ಬಹಳ ಕಷ್ಟ.

ಚರ್ಚಾಸ್ಪರ್ಧೆಯ ಹುಡುಗಿಗೆ ತೊಂದರೆ ಬೇರೆ ಇತ್ತು. ಓದು ಮುಗಿಸಿದವರು ಮೈಸೂರಲ್ಲೇ ಇರಬೇಕೋ ಬೆಂಗಳೂರಿಗೆ ಹೋಗಬೇಕೋ ಅನ್ನುವ ವಿಷಯಕ್ಕೆ "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಅಂತ ಶುರು ಮಾಡಿದಳು. ಸರಿಯಾದ ಗಾದೆಯೇ, ಆದರೆ ನಾಟಲಿಲ್ಲ. ಎದುರು ಪಕ್ಷದವರು "ದೇಶ ಸುತ್ತು, ಕೋಶ ಓದು" ಅಂದರೆ ಮುಗಿಯಿತು, ಗಾದೆಗೆ ಗಾದೆ ಸರಿಸಾಟಿ. ಮೇಷ್ಟ್ರು ಆಗ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಮಾತು ತಂದರು. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅವನು ಹೇಳಿದ್ದಾನಂತೆ: ಇಂಥ ಸಾರ್ವತ್ರಿಕ ಮಾತುಗಳು ವಯಸ್ಸಾದವರ ಬಾಯಿಗೆ ಒಪ್ಪುತ್ತವೆ, ಅದೂ ಅವರು ಅನುಭವಿಸಿದ ವಿಷಯದಲ್ಲಿ ಮಾತ್ರ. ಜನ ತಮ್ಮ ಒಂದೊಂದು ಅನುಭವದಿಂದ ಮೊದಲೇ ನಂಬಿರುವುದನ್ನು ಯಾರಾದರೂ ಎಲ್ಲರಿಗೂ ಅನ್ವಯಿಸುವ ಹಾಗೆ ಹೇಳಿದರೆ ಖುಷಿಪಡುತ್ತಾರೆ ಅಂತಲೂ ಹೇಳಿದ್ದಾನೆ. ಹಾಗಾದರೆ ಚಿಕ್ಕವರು ಗಾದೆ ಹೇಳಲೇಬಾರದಾ? ಹೇಳಬಹುದು, ಮೊದಲು ಅನುಭವ ಹೇಳಿ ಆಮೇಲೆ ಗಾದೆ ಹೇಳು ಅಂದರು ಮೇಷ್ಟ್ರು. ಅವಳು ಬೆಂಗಳೂರಿನ ಪಿಜಿಯಲ್ಲಿರುವ ಅಕ್ಕನ ತಿಂಗಳ ಖರ್ಚನ್ನು ಮೊದಲು ಹೇಳಿ, "ನಮ್ಮಜ್ಜಿ ಇದಕ್ಕೇ ಹೇಳೋರು" ಅಂತ ಗಾದೆ ತಂದಾಗ ಅದೇ ಮಾತಿಗೆ ತೂಕ ಬಂತು. "ಹಿರೀಕರು ಹೇಳವ್ರೆ" ಅಂತ ನಮ್ಮೂರ ಕಡೆ ಸುಮ್ನೆ ಸೇರಿಸುವುದಿಲ್ಲ, ಹೇಳುವವರ ವಯಸ್ಸು ಸಾಲದಿದ್ದಾಗ ಹಿರಿಯರ ವಯಸ್ಸನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಉಪಾಯ ಅದು.

ಈಗ ತಕರಾರು. ಟ್ರೈನರ್ ತೆಗೆದುಕೊಂಡ ಕ್ಲಾಸುಗಳಲ್ಲಿ ಗಾದೆಗಳ ಒಂದು ಜೆರಾಕ್ಸ್ ಪಟ್ಟಿ ಕೊಟ್ಟು, ಪ್ರತಿ ಭಾಷಣದಲ್ಲೂ ಮೂರು ಗಾದೆ ಇರಲೇಬೇಕು ಅಂದರು. ಯಾವಾಗ, ಯಾರಿಗೆ, ಯಾಕೆ ಅನ್ನುವ ಮಾತೇ ಇಲ್ಲ. ಸೈಟ್ ಮಾರುವವರಿಗೆ ಹೇಳಿಕೊಟ್ಟದ್ದು ಹೀಗೆ: "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಮೊದಲು ಹೇಳಿ, ಮನೆ ಕಟ್ಟುವ ಕಷ್ಟ ನೆನಪಿಸಿ, ಗಿರಾಕಿ ನಕ್ಕ ಕೂಡಲೇ ಕಟ್ಟಿದ ಮನೆಯ ಅಡ್ವಾನ್ಸ್ ಮಾತೆತ್ತಿ. ಅಂದರೆ ಖಾತೆ, ನೀರಿನ ಕನೆಕ್ಷನ್, ಪ್ಲಾನ್ ಅಪ್ರೂವಲ್ ಬಗ್ಗೆ ಕೇಳುವ ಹೊತ್ತಿಗೆ ಗಾದೆ ಅಡ್ಡ ನಿಲ್ಲಬೇಕು. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಮಂಡ್ಯದವರ ಗಾದೆ ಕೇಳಬೇಕಾದ ಪ್ರಶ್ನೆಯನ್ನು ಎತ್ತಿತು, ಈ ಗಾದೆ ಕೇಳಬೇಕಾದ ಪ್ರಶ್ನೆಯನ್ನು ಮುಚ್ಚುತ್ತದೆ. ಕಲಿಸುವವರು ಈ ವ್ಯತ್ಯಾಸ ಹೇಳಲೇಬೇಕು.

ಪ್ರಾಸಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಒಂದು ಪ್ರಯೋಗವೂ ಇದೆ. ಮೆಕ್‌ಗ್ಲೋನ್ ಮತ್ತು ತೊಫಿಗ್‌ಬಕ್ಷ್ ಅನ್ನುವ ಇಬ್ಬರು ಸಂಶೋಧಕರು 2000ರಲ್ಲಿ ಪ್ರಕಟಿಸಿದ್ದು. ಜನರಿಗೆ ಪರಿಚಯವಿಲ್ಲದ ಇಂಗ್ಲಿಷ್ ಗಾದೆಗಳನ್ನು ಪ್ರಾಸ ಇಟ್ಟು ಮತ್ತು ಪ್ರಾಸ ತೆಗೆದು ತೋರಿಸಿದರು. ಅರ್ಥ ಒಂದೇ ಆದರೂ ಪ್ರಾಸ ಇದ್ದದ್ದೇ ಹೆಚ್ಚು ನಿಜ ಅನ್ನಿಸಿತು. ಮಾತಿನ ಚೆಂದ ಬೇರೆ, ಅರ್ಥ ಬೇರೆ ಅಂತ ಮೊದಲೇ ಎಚ್ಚರಿಸಿದಾಗ ಆ ಪರಿಣಾಮ ಕಡಿಮೆಯಾಯಿತು. ಎಚ್ಚರಿಸಿದರೆ ಸಾಕು, ಕೇಳುವವರು ಹುಷಾರಾಗುತ್ತಾರೆ. ಮಾರುವುದನ್ನು ಕಲಿಸುವ ಕ್ಲಾಸಿನಲ್ಲಿ ಇದನ್ನೂ ಹೇಳಿಕೊಡಬೇಕು ಅಲ್ವಾ? ನಮ್ಮ ಬ್ಯಾಚಿನವರೆಲ್ಲ ಕ್ಲಾಸ್ ಮುಗಿಸಿ ಹೊರಗೆ ಹೋದ ಮೇಲೆ ಗಿರಾಕಿಗಳೇ ತಾನೇ.

ಇನ್ನೊಂದು ವಿಷಯ ನನಗೆ ನಿಜಕ್ಕೂ ನೋವು ಕೊಟ್ಟಿತು. ಆ ಪಟ್ಟಿಯಲ್ಲಿ "ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು" ಅನ್ನುವಂಥವೂ ಇದ್ದವು. ಜಾತಿ ಹಿಡಿದು ಹೀಯಾಳಿಸುವ ಗಾದೆಗಳೂ ಇದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ಆ ಹುಡುಗಿ ಎದ್ದು ನಿಂತು ಇದು ಯಾಕಿದೆ ಅಂತ ಕೇಳಿದಳು. ಟ್ರೈನರ್ ಕೊಟ್ಟ ಉತ್ತರ: "ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಅಲ್ಲಿಗೆ ಮಾತು ಮುಗಿಸಿಬಿಟ್ಟರು. ಆ ಗಾದೆಗಳನ್ನು ಕಟ್ಟಿದವರು ಯಾರು, ಯಾರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದರು ಅಂತ ಒಂದು ಸಂಜೆ ಮಾತಾಡಬಹುದಿತ್ತು, ಮೇಷ್ಟ್ರ ಕೈಗೆ ಕೊಟ್ಟಿದ್ದರೆ ಅದು ಇಡೀ ಬ್ಯಾಚಿನ ಅತ್ಯುತ್ತಮ ಪಾಠವಾಗುತ್ತಿತ್ತು. ನಡೆಸುವವರಿಗೆ ಇದನ್ನು ಬರೆದು ಕೊಟ್ಟಿದ್ದೇನೆ. ಮುಂದಿನ ಬ್ಯಾಚಿಗೆ ಪಟ್ಟಿ ಬದಲಾಯಿಸುತ್ತೇವೆ ಅಂದಿದ್ದಾರೆ.

ಒಟ್ಟು ನನ್ನ ಅಂಕ ಐದಕ್ಕೆ ಮೂರೂವರೆ, ಮೇಷ್ಟ್ರಿಗೆ ಮಾತ್ರ ಆದರೆ ಐದಕ್ಕೆ ಐದು. ನೀವು ಬೇರೆ ಯಾವುದೇ ಇಂಥ ತರಗತಿಗೆ ಸೇರುವುದಾದರೂ ಮೊದಲು ಒಂದು ದಿನ ಕೂತು ನೋಡಲು ಬಿಡುತ್ತಾರಾ ಕೇಳಿ. ಕನ್ನಡ ಚೆನ್ನಾಗಿ ಬಲ್ಲವರು ಪಾಠ ಮಾಡುತ್ತಾರಾ, ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಮಾತಾಡಿಸುತ್ತಾರೆ, ಗಾದೆ ಪಟ್ಟಿ ಕೊಟ್ಟರೆ ಅದರ ಬಗ್ಗೆ ಪ್ರಶ್ನೆ ಕೇಳಬಹುದಾ ಅಂತ ವಿಚಾರಿಸಿ. ಮಂಡ್ಯ, ಮದ್ದೂರು ಕಡೆಯಿಂದ ಬರುವವರು ಕ್ಲಾಸ್ ಬಿಡುವ ಹೊತ್ತನ್ನೂ ಕೇಳಿಟ್ಟುಕೊಳ್ಳಿ. ನಮ್ಮ ಬ್ಯಾಚಿನಲ್ಲಿ ಚರ್ಚೆ ಬಿಸಿಯಾದ ದಿನ ತಡವಾಗುತ್ತಿತ್ತು, ರೈಲು ಹಿಡಿಯುವವರು ಮಧ್ಯದಲ್ಲೇ ಎದ್ದು ಓಡಬೇಕಾಗುತ್ತಿತ್ತು.